ಘಟ್ಟದ ದಾರಿಯಲ್ಲಿ ಎಕ್ಸಲೇಟರ್ ವೈರ್ ತುಂಡಾದರೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ತೋಟಕ್ಕೂ ಬೈಕೇ, ಡೇರಿಗೂ ಬೈಕೇ, ಸೊಸೈಟಿಗೂ ಆಸ್ಪತ್ರೆಗೂ ಬೈಕೇ. ಮನೆಯಿಂದ ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ಎರಡು ಏರು, ಮೂರು ಇಳಿಜಾರು, ಒಂದು ಹಳ್ಳ. ಬಸ್ಸು ದಿನಕ್ಕೆ ಎರಡು ಸಲ ಬಂದರೆ ಪುಣ್ಯ. ಇಂಥ ಕಡೆ ಗಾಡಿಯ ಎಕ್ಸಲೇಟರ್ ವೈರ್ ತುಂಡಾದರೆ ಮುಂದೇನು ಮಾಡಬೇಕು ಎಂಬುದಕ್ಕೆ ಊರಿಗೊಂದು ಉಪದೇಶವಿದೆ. ನಾವೂ ಆ ಉಪದೇಶಗಳನ್ನು ಕೇಳಿಕೊಂಡೇ ಗಾಡಿ ಕಲಿತವರು, ಬಹುಕಾಲ ನಂಬಿದವರು. ಅವುಗಳಲ್ಲಿ ಕೆಲವು ಬರೀ ಹಣ ದಂಡ ಮಾಡಿಸುತ್ತವೆ, ಕೆಲವು ಪ್ರಾಣಕ್ಕೇ ಸಂಚಕಾರ ತರುತ್ತವೆ. ವೈರ್ ತುಂಡಾಗುವುದು ದೊಡ್ಡ ಅಪಾಯವಲ್ಲ. ತುಂಡಾದ ಮೇಲೆ ನಾವು ಮಾಡುವ ಕೆಲಸಗಳಲ್ಲಿ ಅಪಾಯವಿದೆ.

ತಪ್ಪು ಕಲ್ಪನೆ: ಎಕ್ಸಲೇಟರ್ ವೈರ್ ತುಂಡಾದರೆ ಗಾಡಿ ಹಿಡಿತ ತಪ್ಪಿ ಓಡುತ್ತದೆ, ಕೂಡಲೇ ಹಾರಿಕೊಳ್ಳಬೇಕು.

ವಾಸ್ತವ: ಆಗುವುದು ಇದರ ತದ್ವಿರುದ್ಧ. ಕಾರ್ಬೊರೇಟರ್ ಒಳಗೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಒಂದು ಸ್ಲೈಡ್ ಇದೆ. ಅದರ ಮೇಲೆ ಸ್ಪ್ರಿಂಗ್ ಕೂತಿರುತ್ತದೆ. ನಾವು ಹಿಡಿಕೆ ತಿರುಗಿಸಿದಾಗ ವೈರು ಸ್ಲೈಡನ್ನು ಮೇಲಕ್ಕೆ ಎಳೆಯುತ್ತದೆ, ಬಿಟ್ಟಾಗ ಸ್ಪ್ರಿಂಗ್ ಅದನ್ನು ಕೆಳಕ್ಕೆ ಒತ್ತುತ್ತದೆ. ವೈರು ತುಂಡಾದರೆ ಎಳೆಯುವವರಿಲ್ಲ, ಒತ್ತುವ ಸ್ಪ್ರಿಂಗ್ ಮಾತ್ರ ಉಳಿಯಿತು. ಸ್ಲೈಡ್ ಮುಚ್ಚುತ್ತದೆ, ಎಂಜಿನ್ ಐಡಲಿಂಗಿಗೆ ಇಳಿಯುತ್ತದೆ, ಗಾಡಿ ತಾನಾಗಿ ನಿಧಾನವಾಗುತ್ತದೆ. ಎಂಜಿನ್ ಬಂದ್ ಕೂಡ ಆಗುವುದಿಲ್ಲ. ಬ್ರೇಕಿಗೂ ಈ ವೈರಿಗೂ ಸಂಬಂಧವೇ ಇಲ್ಲ. ಆದ್ದರಿಂದ ಮಾಡಬೇಕಾದ್ದು ಇಷ್ಟೇ: ಹಿಂದೆ ಲಾರಿ ಇದೆಯೇ ನೋಡಿ, ಉರುಳುವ ವೇಗ ಇರುವಾಗಲೇ ಎಡಕ್ಕೆ ಸರಿದು, ತಿರುವು ದಾಟಿದ ಜಾಗದಲ್ಲಿ ನಿಲ್ಲಿಸುವುದು.

ಗಾಡಿ ಕೈತಪ್ಪಿ ಓಡಿದ ಕಥೆಗಳು ಸುಳ್ಳಲ್ಲ. ಅವು ಪೂರ್ತಿ ತುಂಡಾದ ವೈರಿನ ಕಥೆಗಳಲ್ಲ, ಅರ್ಧ ತುಂಡಾದ ವೈರಿನ ಕಥೆಗಳು. ಉಕ್ಕಿನ ಸಣ್ಣ ಎಳೆಗಳನ್ನು ಹೆಣೆದು ಈ ವೈರ್ ಮಾಡಿರುತ್ತಾರೆ. ಒಂದೆರಡು ಎಳೆ ಕಡಿದು ಬಿಚ್ಚಿಕೊಂಡರೆ ಅವು ಹೊರಕವಚದೊಳಗೆ ಸಿಕ್ಕಿ ವೈರು ಅಲ್ಲೇ ಕಚ್ಚಿಕೊಳ್ಳಬಹುದು. ಆಗ ಸ್ಪ್ರಿಂಗಿನ ಬಲ ಸಾಲದು, ರೇಸ್ ಇಳಿಯುವುದಿಲ್ಲ. ಹಾಗಾದರೆ ಮೊದಲು ಕ್ಲಚ್ ಹಿಡಿಯಬೇಕು, ಚಕ್ರಕ್ಕೆ ಹೋಗುವ ಶಕ್ತಿ ಕಡಿಯುತ್ತದೆ. ಎಂಜಿನ್ ಕಿರುಚಲಿ, ಹೆದರಬೇಕಿಲ್ಲ. ಮರುಕ್ಷಣ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಬೇಕು.

ತಪ್ಪು ಕಲ್ಪನೆ: ಕಿಲ್ ಸ್ವಿಚ್ ಒತ್ತಿದರೆ ಎಂಜಿನ್ ಹಾಳಾಗುತ್ತದೆ. ಓಡುವಾಗ ಚಾವಿ ತಿರುಗಿಸಿದರೆ ಹ್ಯಾಂಡಲ್ ಲಾಕ್ ಆಗುತ್ತದೆ.

ವಾಸ್ತವ: ಕಿಲ್ ಸ್ವಿಚ್ ಇರುವುದೇ ಇಂಥ ಹೊತ್ತಿಗೆ. ಅದು ಕಿಡಿಯನ್ನು ನಿಲ್ಲಿಸುತ್ತದೆ, ಎಂಜಿನ್ನಿಗೆ ಹಾನಿ ಮಾಡುವುದಿಲ್ಲ. ಆ ಸ್ವಿಚ್ ಇಲ್ಲದ ಹಳೆಯ ಗಾಡಿಗಳಲ್ಲಿ ಚಾವಿಯನ್ನು ಆಫ್ ಮಾಡಬಹುದು. ಹ್ಯಾಂಡಲ್ ಲಾಕ್ ಬೀಳಬೇಕಾದರೆ ಹ್ಯಾಂಡಲನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಚಾವಿಯನ್ನು ಒತ್ತಿ, ಆಫ್ ದಾಟಿಸಿ ಇನ್ನೂ ಮುಂದಕ್ಕೆ ತಿರುಗಿಸಬೇಕು. ನೆಟ್ಟಗೆ ಓಡುವ ಗಾಡಿಯಲ್ಲಿ ಅದು ತಾನಾಗಿ ಬೀಳದು.

ತಪ್ಪು ಕಲ್ಪನೆ: ಘಟ್ಟದಲ್ಲಿ ಕೆಲವು ತಿರುವುಗಳಿವೆ, ಅಲ್ಲಿ ಚೌಡಿಗೆ ಕಾಯಿ ಒಡೆಯದೆ ಹೋದ ಗಾಡಿಯ ವೈರು ಅಲ್ಲೇ ತುಂಡಾಗುತ್ತದೆ.

ವಾಸ್ತವ: ಈ ಸೀಮೆಯಲ್ಲಿ ಚೌಡಿ, ಭೂತಪ್ಪ, ಜಟಗ ಎಂದು ಕಾಡಿನ ದಾರಿಗೊಂದು ದೇವರ ಕಟ್ಟೆ ಇದೆ. ಅಲ್ಲಿ ಗಾಡಿ ನಿಲ್ಲಿಸಿ ಕೈಮುಗಿಯುವುದು ನಮ್ಮ ಹಿರಿಯರಿಂದ ಬಂದ ನಡವಳಿಕೆ. ಅದನ್ನು ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಆದರೆ ವೈರು ಅಲ್ಲೇ ಏಕೆ ತುಂಡಾಯಿತು ಎಂಬ ಪ್ರಶ್ನೆಗೆ ಬೇರೆ ಉತ್ತರವಿದೆ. ಕೇಳಿದವರಿಗೆ ಆ ಉತ್ತರ ಸಿಗಬೇಕು.

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲ ದಂಡೆಯಲ್ಲಿದೆ. ಈ ಎತ್ತರದ ಬಹುಪಾಲು ಇಳಿಯುವುದು ದೇವಿಮನೆ ಘಟ್ಟದ ತಿರುವುಗಳಲ್ಲಿ. ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಅರಬೈಲ್ ಘಟ್ಟಕ್ಕೂ, ಸಿದ್ದಾಪುರದ ಕಡೆಯಿಂದ ಕುಮಟೆಗೆ ಇಳಿಯುವ ದೊಡ್ಮನೆ ಘಟ್ಟಕ್ಕೂ ಇದೇ ಮಾತು. ಹುಬ್ಬಳ್ಳಿಯ ಸಪಾಟು ರಸ್ತೆಯಲ್ಲಿ ಹಿಡಿಕೆಯನ್ನು ಒಂದೇ ಅಳತೆಗೆ ಹಿಡಿದು ಮೈಲುಗಟ್ಟಲೆ ಹೋಗುತ್ತೇವೆ. ಘಟ್ಟ ಹತ್ತುವಾಗ ಪ್ರತಿ ತಿರುವಿಗೂ ರೇಸ್ ಇಳಿಸಬೇಕು, ತಿರುವು ದಾಟಿದೊಡನೆ ಪೂರ್ತಿ ಏರಿಸಬೇಕು. ಹ್ಯಾಂಡಲ್ ಎರಡೂ ಬದಿಗೆ ಬಹಳಷ್ಟು ತಿರುಗುತ್ತದೆ, ಕೇಬಲ್ ಎಳೆದುಕೊಳ್ಳುತ್ತದೆ. ಹಿಡಿಕೆಯೊಳಗೆ ವೈರಿನ ತುದಿಯ ನಿಪ್ಪಲ್ ಕೂರುವ ಜಾಗದಲ್ಲಿ ವೈರು ಮತ್ತೆ ಮತ್ತೆ ಬಾಗುತ್ತದೆ. ನಿಪ್ಪಲ್ ಒಣಗಿ ತಿರುಗದೆ ಕೂತಿದ್ದರೆ ಆ ಬಾಗುವಿಕೆಯೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ಎಳೆಗಳು ಒಂದೊಂದಾಗಿ ಕಡಿಯುತ್ತವೆ. ವಾರಗಟ್ಟಲೆ ಕಡಿಯುತ್ತ ಬಂದ ವೈರಿನ ಕೊನೆಯ ಎಳೆಗಳು ಹೆಚ್ಚು ಎಳೆತ ಬೀಳುವ ಕಡೆ, ಎಂದರೆ ಕಡಿದಾದ ತಿರುವಿನ ಏರಿನಲ್ಲಿ, ಹೋಗುವುದು ಸಹಜ. ಕಟ್ಟೆಗಳೂ ಹಲವು ಕಡೆ ಅಂಥ ತಿರುವುಗಳಲ್ಲೇ ಇರುತ್ತವೆ.

ಇನ್ನೊಂದು ಕಾರಣ ನಮ್ಮ ನೆನಪಿನದು. ಪೇಟೆಯಲ್ಲಿ ಗ್ಯಾರೇಜಿನೆದುರು ತುಂಡಾದ ವೈರನ್ನು ಸಂಜೆಗೆ ಮರೆಯುತ್ತೇವೆ. ರಾಗಿಹೊಸಳ್ಳಿ ದಾಟಿ ಫೋನಿಗೆ ಸಿಗ್ನಲ್ ಇಲ್ಲದ ಕಡೆ, ಮಂಜು ಮುಸುಕಿದ ಮಳೆಯಲ್ಲಿ ತುಂಡಾದದ್ದನ್ನು ಹತ್ತು ವರ್ಷ ಹೇಳುತ್ತೇವೆ. ಕಾಯಿ ಒಡೆದು ಹೋದವರ ವೈರೂ ತುಂಡಾಗಿದೆ, ಅದು ಕಥೆಯಾಗಲಿಲ್ಲ ಅಷ್ಟೇ.

ತಪ್ಪು ಕಲ್ಪನೆ: ವೈರು ಸೂಚನೆಯೇ ಕೊಡದೆ ಹೋಗುತ್ತದೆ, ಮೊದಲೇ ತಿಳಿಯಲು ದಾರಿಯಿಲ್ಲ.

ವಾಸ್ತವ: ಕೊಡುತ್ತದೆ, ನಾವು ಗಮನಿಸುವುದಿಲ್ಲ. ಹಿಡಿಕೆ ಬಿಟ್ಟಾಗ ತಟ್ಟನೆ ಮರಳದೆ ನಿಧಾನಿಸುವುದು, ತಿರುಗಿಸುವಾಗ ಕರಕರ ಎನ್ನುವುದು, ನಿನ್ನೆಗಿಂತ ಇಂದು ಹಿಡಿಕೆ ಹೆಚ್ಚು ಸಡಿಲವಾಗಿರುವುದು, ಮೇಲಿಂದ ಮೇಲೆ ಅಡ್ಜಸ್ಟರ್ ಬಿಗಿ ಮಾಡಬೇಕಾಗುವುದು ಎಲ್ಲವೂ ಸೂಚನೆಗಳೇ. ಹಿಡಿಕೆಯ ಬಳಿಯ ರಬ್ಬರ್ ತೊಪ್ಪಿ ಸರಿಸಿ ನೋಡಿದರೆ ಚುಚ್ಚಿಕೊಂಡು ನಿಂತ ಒಂದು ಎಳೆ ಕಂಡೀತು. ಒಂದೇ ಎಳೆ ಕಂಡರೂ ಆ ವೈರನ್ನು ಘಟ್ಟಕ್ಕೆ ಒಯ್ಯಬಾರದು.

ತಪ್ಪು ಕಲ್ಪನೆ: ಆಗಾಗ ಕೊಬ್ಬರಿ ಎಣ್ಣೆಯೋ ಗ್ರೀಸೋ ಬಿಡುತ್ತಿದ್ದರೆ ವೈರು ತುಂಡಾಗುವುದೇ ಇಲ್ಲ. ಮಳೆ ನೀರಿನಿಂದ ಅದಕ್ಕೇನೂ ಆಗದು.

ವಾಸ್ತವ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಷ್ಯ ಮಾಸದ ಬೆಳಿಗ್ಗೆ ನಮ್ಮ ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ಕೇಬಲ್ ಒಳಗೂ ಆಗುತ್ತದೆ, ಹಿಡಿಕೆ ಭಾರವಾಗುತ್ತದೆ. ಗ್ರೀಸ್ ದಪ್ಪ, ಮಣ್ಣುರಸ್ತೆಯ ಕೆಂಪು ಧೂಳನ್ನು ಹಿಡಿದಿಟ್ಟುಕೊಂಡು ಎಳೆಗಳನ್ನು ತಿಕ್ಕುತ್ತದೆ. ಈಗಿನ ಬಹುತೇಕ ಕೇಬಲ್‌ಗಳ ಕವಚದೊಳಗೆ ಪ್ಲಾಸ್ಟಿಕ್ ಪದರವಿದೆ, ಅದಕ್ಕೆ ಎಣ್ಣೆಯ ಹಂಗು ಕಡಿಮೆ. ಬಿಡುವುದೇ ಆದರೆ ತೆಳು ಯಂತ್ರದೆಣ್ಣೆಯ ಕೆಲವು ಹನಿ ಸಾಕು. ಹಿಡಿಕೆಯೊಳಗಿನ ನಿಪ್ಪಲಿಗೆ ಮಾತ್ರ ಸ್ವಲ್ಪ ಗ್ರೀಸ್ ಬೇಕು, ಅದು ತನ್ನ ಗೂಡಿನಲ್ಲಿ ತಿರುಗುತ್ತಿರಬೇಕು.

ಮಳೆ ಒಂದೇ ದಿನದಲ್ಲಿ ವೈರು ತುಂಡು ಮಾಡುವುದಿಲ್ಲ. ಆದರೆ ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಸುರಿಯುವ ನಾಡಿನಲ್ಲಿ, ರಬ್ಬರ್ ತೊಪ್ಪಿ ಹರಿದ ಕೇಬಲಿನೊಳಗೆ ಇಳಿದ ನೀರು ಆಷಾಢದಿಂದ ಭಾದ್ರಪದದವರೆಗೂ ಒಣಗದು. ತುಕ್ಕು ಒಳಗಿಂದ ತಿನ್ನುತ್ತದೆ. ಅಡಿಕೆ ತೋಟದವರಿಗೆ ಇನ್ನೊಂದು ಮಾತು ಬೇಕು. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಚೀಲ ಬೈಕಿನ ಮೇಲೇ ಬರುತ್ತದೆ, ತುತ್ತ ಹಿಡಿದ ಕೈಯೇ ಹಿಡಿಕೆಯನ್ನೂ ಹಿಡಿಯುತ್ತದೆ. ಬೋರ್ಡೋ ದ್ರಾವಣದಲ್ಲಿ ಸುಣ್ಣ ಸಾಕಾಗಿದೆಯೇ ಎಂದು ನೋಡಲು ಕತ್ತಿಯ ಅಲಗು ಅದ್ದುತ್ತೇವಲ್ಲ, ಸುಣ್ಣ ಕಡಿಮೆಯಾದರೆ ಅಲಗಿಗೆ ತಾಮ್ರದ ಕೆಂಪು ಬಣ್ಣ ಕೂರುತ್ತದೆ. ತಾಮ್ರ ಅಲ್ಲಿ ಕೂತಿತು ಎಂದರೆ ಅಷ್ಟು ಕಬ್ಬಿಣ ಕರಗಿ ಹೋಯಿತು ಎಂದರ್ಥ. ಕತ್ತಿಯ ಅಲಗು ದಪ್ಪ, ತಡೆದೀತು. ಕೂದಲೆಳೆಯಷ್ಟು ಸಣ್ಣ ಉಕ್ಕಿನ ತಂತಿ ತಡೆಯದು. ಔಷಧಿ ಹೊಡೆದ ದಿನ ಕೈ ತೊಳೆದು ಗಾಡಿ ಹತ್ತುವುದು, ಹಿಡಿಕೆಯ ಸುತ್ತ ಒಳ್ಳೆಯ ನೀರು ಹಾಕಿ ಒರೆಸುವುದು ಸಾವಿರ ಹನಿ ಎಣ್ಣೆಗಿಂತ ಮೇಲು.

ತಪ್ಪು ಕಲ್ಪನೆ: ಗಾಡಿ ಎಳೆಯುತ್ತಿಲ್ಲ ಎಂದರೆ ವೈರೇ ಹೋಗಿದೆ.

ವಾಸ್ತವ: ಪೆಟ್ರೋಲಿನಲ್ಲಿ ನೀರು ಸೇರಿದರೂ, ಏರ್ ಫಿಲ್ಟರ್ ಕಟ್ಟಿದರೂ ಗಾಡಿ ಎಳೆಯದು. ಹಿಡಿಕೆ ತಿರುಗಿಸಿ ನೋಡಿ. ಸ್ಪ್ರಿಂಗಿನ ಎದುರೊತ್ತು ಇಲ್ಲದೆ ಬರೀ ತಿರುಗಿದರೆ ವೈರು ಹೋಗಿದೆ. ಎದುರೊತ್ತು ಇದ್ದರೆ ದೋಷ ಬೇರೆ ಕಡೆ.

ತಪ್ಪು ಕಲ್ಪನೆ: ವೈರು ಹೋದರೆ ಚೋಕ್ ಎಳೆದುಕೊಂಡು ಮನೆ ಮುಟ್ಟಬಹುದು.

ವಾಸ್ತವ: ಚೋಕ್ ಮಾಡುವುದು ಪೆಟ್ರೋಲ್ ಹೆಚ್ಚಿಸುವ ಕೆಲಸ, ಅದೂ ತಣ್ಣಗಿರುವ ಎಂಜಿನ್ನಿಗೆ. ಬಿಸಿ ಎಂಜಿನ್ನಿಗೆ ಚೋಕ್ ಎಳೆದರೆ ಗುಡುಗುಡು ಎಂದು ಪ್ಲಗ್ ಕಪ್ಪಾಗಿ ನಿಂತುಬಿಡುತ್ತದೆ. ಆಗ ಒಂದು ತೊಂದರೆಯ ಜಾಗದಲ್ಲಿ ಎರಡಾಯಿತು. ಹಳೆಯ ಕಾರ್ಬೊರೇಟರ್ ಬೈಕಿನಲ್ಲಿ ಕೈಹಿಡಿಯುವುದು ಐಡಲಿಂಗ್ ಸ್ಕ್ರೂ. ಅದನ್ನು ಬಲಕ್ಕೆ ತಿರುಗಿಸುತ್ತ ಬಂದರೆ ಸ್ಲೈಡ್ ತುಸು ಮೇಲೇಳುತ್ತದೆ, ರೇಸ್ ಏರುತ್ತದೆ. ಎಷ್ಟು ಸುತ್ತು ತಿರುಗಿಸಿದೆವು ಎಂದು ನೆನಪಿಡಬೇಕು, ಆಮೇಲೆ ಅಷ್ಟನ್ನೇ ಹಿಂದಕ್ಕೆ ತರಬೇಕಲ್ಲ. ಪಕ್ಕದಲ್ಲಿರುವ ಏರ್ ಸ್ಕ್ರೂಗೆ ಕೈಹಾಕಬಾರದು, ಅದು ಗಾಳಿ–ಪೆಟ್ರೋಲಿನ ಮಿಶ್ರಣದ್ದು. ಯಾವುದು ಯಾವುದೆಂದು ಗೊತ್ತಿಲ್ಲದಿದ್ದರೆ ಮನೆಯಂಗಳದಲ್ಲಿ ಗಾಡಿ ಸರಿಯಿರುವಾಗಲೇ ಮೆಕ್ಯಾನಿಕ್ ಬಳಿ ತೋರಿಸಿಕೊಳ್ಳುವುದು ಲೇಸು. ರೇಸ್ ಹೀಗೆ ಏರಿಸಿ, ಕ್ಲಚ್ಚನ್ನು ನಿಧಾನ ಬಿಡುತ್ತ, ಒಂದನೆಯ ಅಥವಾ ಎರಡನೆಯ ಗೇರಿನಲ್ಲಿ ಸಪಾಟು ರಸ್ತೆಯಲ್ಲಿ ಊರು ಮುಟ್ಟಬಹುದು. ಕಾನಸೂರಿನಿಂದ ಸಿದ್ದಾಪುರಕ್ಕೋ, ಮಂಚಿಕೇರಿಯಿಂದ ಯಲ್ಲಾಪುರಕ್ಕೋ ಇದು ಆದೀತು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೇವಿಮನೆ ಹತ್ತುವುದು ಆಗದು, ಕ್ಲಚ್ ಪ್ಲೇಟು ಸುಟ್ಟೀತು.

ತಪ್ಪು ಕಲ್ಪನೆ: ಈ ಸ್ಕ್ರೂ ಉಪಾಯ ಸ್ಕೂಟರಿಗೂ ಹೊಸ ಬೈಕಿಗೂ ಒಂದೇ.

ವಾಸ್ತವ: ಗೇರಿಲ್ಲದ ಸ್ಕೂಟರಿನಲ್ಲಿ ಇದು ಅಪಾಯ. ಅಲ್ಲಿ ಕ್ಲಚ್ ಹಿಡಿಕೆಯೇ ಇಲ್ಲ, ಎಂಜಿನ್ ವೇಗ ಏರಿದೊಡನೆ ಕ್ಲಚ್ ತಾನಾಗಿ ಕಚ್ಚಿ ಚಕ್ರ ತಿರುಗುತ್ತದೆ. ರೇಸ್ ಏರಿಸಿಟ್ಟ ಸ್ಕೂಟರ್ ನಿಂತಲ್ಲಿ ನಿಲ್ಲದು, ಬ್ರೇಕ್ ಬಿಟ್ಟರೆ ಹೊರಟುಬಿಡುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್–6 ನಿಯಮ ಬಂದ ಮೇಲೆ ಬೈಕುಗಳಲ್ಲಿ ಬಹುಪಾಲು ಫ್ಯೂಯೆಲ್ ಇಂಜೆಕ್ಷನ್ನಿಗೆ ಬದಲಾಗಿವೆ. ಇಂಜೆಕ್ಷನ್ ಗಾಡಿಗೆ ವೈರೇ ಇಲ್ಲ ಎಂಬ ಮಾತೂ ಓಡಾಡುತ್ತಿದೆ. ಅದು ನಿಜವಲ್ಲ. ಹೆಚ್ಚಿನವುಗಳಲ್ಲಿ ವೈರು ಇದ್ದೇ ಇದೆ, ಕಾರ್ಬೊರೇಟರ್ ಬದಲು ಥ್ರಾಟಲ್ ಬಾಡಿಯ ಚಿಟ್ಟೆಬಾಗಿಲನ್ನು ತೆರೆಯುತ್ತದೆ. ಕೆಟಿಎಂ 390 ಡ್ಯೂಕ್ 2017ರಲ್ಲಿ ಬಂದಂತೆ, ವೈರಿಲ್ಲದೆ ವಿದ್ಯುತ್ ಸಂಕೇತದಿಂದ ನಡೆಯುವ ಗಾಡಿಗಳೂ ಇವೆ, ನಮ್ಮ ರಸ್ತೆಗಳಲ್ಲಿ ಅವು ಕಡಿಮೆ. ಇಂಜೆಕ್ಷನ್ ಗಾಡಿಯ ಐಡಲಿಂಗನ್ನು ಅದರ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಲ್ಲಿನ ಸ್ಟಾಪ್ ಸ್ಕ್ರೂ ಕಾರ್ಖಾನೆಯಲ್ಲೇ ಹೊಂದಿಸಿದ್ದು, ಅದನ್ನು ಮುಟ್ಟಿದರೆ ಇಡೀ ಹೊಂದಾಣಿಕೆ ಕೆಡುತ್ತದೆ.

ತಪ್ಪು ಕಲ್ಪನೆ: ತುಂಡಾದ ವೈರನ್ನು ಎಳೆದು ಕಟ್ಟಿಬಿಟ್ಟರೆ ಆಯಿತು, ಗಾಡಿ ಒಂದೇ ವೇಗದಲ್ಲಿ ಓಡುತ್ತದೆ.

ವಾಸ್ತವ: ಈ ಬರಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಮಾತು ಇದು. ಕಟ್ಟಬೇಡಿ. ಸ್ಪ್ರಿಂಗ್ ಸ್ಲೈಡನ್ನು ಮುಚ್ಚುತ್ತದೆ ಎಂಬ ಒಂದೇ ಕಾರಣಕ್ಕೆ ಈ ಅವಘಡ ಇಷ್ಟರವರೆಗೆ ಸೌಮ್ಯವಾಗಿತ್ತು. ಸುತ್ತಲಿ ದಾರದಿಂದಲೋ ಬಾಳೆನಾರಿನಿಂದಲೋ ಬಿಗಿದು ಕಟ್ಟಿದ ಕ್ಷಣ ಆ ರಕ್ಷಣೆ ಹೋಯಿತು. ತಿರುವಿನಲ್ಲಿ ಎದುರು ಬಸ್ಸು ಬಂದರೆ ರೇಸ್ ಇಳಿಸಲು ದಾರಿಯೇ ಇಲ್ಲ, ಬ್ರೇಕು ಎಂಜಿನ್ನಿನೊಡನೆ ಜಗಳವಾಡಬೇಕು.

ಕೈಯಲ್ಲಿ ಹಿಡಿದು ಎಳೆಯುವುದು ಬೇರೆ. ವೈರು ಹಿಡಿಕೆಯ ಕಡೆ ತುಂಡಾಗಿದ್ದರೆ, ಸಾಮಾನ್ಯವಾಗಿ ಆಗುವುದೂ ಅಲ್ಲೇ, ಹಿಡಿಕೆಯ ಗೂಡು ಬಿಚ್ಚಿ ಕೇಬಲನ್ನು ಹೊರತೆಗೆದಾಗ ಬೆರಳುದ್ದದ ಒಳವೈರು ಸಿಗುತ್ತದೆ. ಅದನ್ನು ಸಣ್ಣ ಕೋಲಿಗೋ ಸ್ಕ್ರೂಡ್ರೈವರಿಗೋ ಸುತ್ತಿ ಕೈಯಿಂದ ಎಳೆದರೆ ರೇಸ್ ಬರುತ್ತದೆ, ಬಿಟ್ಟರೆ ತಾನಾಗಿ ಮುಚ್ಚುತ್ತದೆ. ನಿರ್ಜನ ದಾರಿಯಲ್ಲಿ, ಹಗಲಿನಲ್ಲಿ, ಒಂದನೆಯ ಗೇರಿನಲ್ಲಿ ಹತ್ತಿರದ ಮನೆಯವರೆಗೆ ಹೀಗೆ ಹೋಗಬಹುದು. ಆದರೆ ಹ್ಯಾಂಡಲಿಗೆ ಒಂದೂವರೆ ಕೈಯೇ ಉಳಿದಿದೆ, ಮುಂದಿನ ಬ್ರೇಕಿಗೆ ಬೆರಳು ಎಟುಕದು ಎಂಬುದನ್ನು ಮರೆಯಬಾರದು. ಅರಬೈಲ್ ಘಟ್ಟ ಇಳಿಯುವ ಹೆದ್ದಾರಿ 52ರ ಸರಕು ಲಾರಿಗಳ ನಡುವೆ ಇದು ಬೇಡವೇ ಬೇಡ. ವೈರು ಕಾರ್ಬೊರೇಟರ್ ಕಡೆ ತುಂಡಾಗಿದ್ದರೆ ಎಳೆಯಲು ಏನೂ ಇಲ್ಲ, ಒಳವೈರು ಬದಲಿಸಲೇಬೇಕು.

ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ, ಅವರಿಗೆ ಪ್ರತ್ಯೇಕ ಎಚ್ಚರಿಕೆ. ಆ ಎರಡು ಸ್ಟ್ರೋಕ್ ಗಾಡಿಯ ವೈರು ನಡುವೆ ಕವಲೊಡೆದು ಒಂದು ಕಾರ್ಬೊರೇಟರಿಗೆ, ಇನ್ನೊಂದು ಆಯಿಲ್ ಪಂಪಿಗೆ ಹೋಗುತ್ತದೆ. ಕಾರ್ಬೊರೇಟರಿನ ಸ್ಲೈಡನ್ನು ಮಾತ್ರ ಬೇರೆ ವೈರಿನಿಂದ ಎಳೆದು ಓಡಿಸಿದರೆ ಪಂಪು ಕನಿಷ್ಠದಲ್ಲೇ ಉಳಿಯುತ್ತದೆ. ರೇಸ್ ಹೆಚ್ಚು, ಎಣ್ಣೆ ಕಡಿಮೆ. ಏರಿನಲ್ಲಿ ಪಿಸ್ಟನ್ ಹಿಡಿದುಕೊಳ್ಳಲು ಅಷ್ಟು ಸಾಕು. ಪಂಪು ತೆಗೆಸಿ ಪೆಟ್ರೋಲಿಗೇ ಎಣ್ಣೆ ಬೆರೆಸುವವರಿಗೆ ಈ ಭಯವಿಲ್ಲ.

ತಪ್ಪು ಕಲ್ಪನೆ: ಘಟ್ಟ ಇಳಿಯುವುದಾದರೆ ಚಿಂತೆಯಿಲ್ಲ, ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಉರುಳಿಸಿಕೊಂಡು ಹೋಗಬಹುದು.

ವಾಸ್ತವ: ಇಳಿಜಾರಿನಲ್ಲಿ ಎಕ್ಸಲೇಟರ್ ಬೇಕಾಗುವುದೇ ಕಡಿಮೆ ಎಂಬುದು ಸರಿ. ಅದಕ್ಕಾಗಿ ಎಂಜಿನ್ ಬಂದ್ ಮಾಡಬೇಕಿಲ್ಲ. ಐಡಲಿಂಗಿನಲ್ಲಿ, ಎರಡನೆಯ ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಎಲ್ಲ ಭಾರವೂ ಬ್ರೇಕಿನ ಮೇಲೆ. ಕತಗಾಲ ಮುಟ್ಟುವ ಮೊದಲೇ ಡ್ರಮ್ ಕಾದು ಹಿಡಿತ ಸಡಿಲವಾಗಬಹುದು. ಎಂಜಿನ್ನಿನಿಂದಲೇ ಹೆಡ್‌ಲೈಟಿಗೆ ಕರೆಂಟು ಹೋಗುವ ಹಳೆಯ ಗಾಡಿಗಳಲ್ಲಿ ದೀಪವೂ ಆರುತ್ತದೆ. ಮಂಜಿನಲ್ಲಿ ದೀಪವಿಲ್ಲದ ಬೈಕು ಎದುರಿನವರಿಗೆ ಕಾಣುವುದಿಲ್ಲ.

ತಪ್ಪು ಕಲ್ಪನೆ: ತುಂಡಾದ ತುದಿಗಳನ್ನು ಗಂಟು ಹಾಕಬಹುದು. ಇಲ್ಲವಾದರೆ ಮುಂದಿನ ಬ್ರೇಕಿನ ವೈರು ತೆಗೆದು ಹಾಕಬಹುದು, ಹಿಂದಿನ ಬ್ರೇಕು ಇದೆಯಲ್ಲ.

ವಾಸ್ತವ: ಉಕ್ಕಿನ ವೈರಿನಲ್ಲಿ ಗಂಟು ನಿಲ್ಲದು, ನಿಂತರೂ ಕವಚದೊಳಗೆ ತೂರದು. ಬ್ರೇಕಿನ ವೈರಂತೂ ಮುಟ್ಟಲೇಬಾರದು. ರೇಸ್ ಇಲ್ಲದೆ ರಸ್ತೆ ಬದಿಯಲ್ಲಿ ಕೂತವರು ಜೀವಂತ ಇರುತ್ತಾರೆ, ಬ್ರೇಕ್ ಇಲ್ಲದೆ ಘಟ್ಟದಲ್ಲಿ ಹೊರಟವರ ಬಗ್ಗೆ ಆ ಮಾತು ಹೇಳಲಾಗದು. ಅದಕ್ಕಿಂತ ಒಳ್ಳೆಯ ದಾರಿ ಹತ್ತಿರದಲ್ಲೇ ಇದೆ. ಸೈಕಲ್ಲಿನ ಬ್ರೇಕ್ ಅಥವಾ ಗೇರ್ ವೈರು ಹಳ್ಳಿಯ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ತೆಳುವಾದದ್ದನ್ನು ಆರಿಸಿ, ಹಳೆಯ ಕವಚದೊಳಗೆ ತೂರಿಸಿ, ತುದಿಗೆ ಸ್ಕ್ರೂ ಬಿಗಿಯುವ ನಿಪ್ಪಲ್ ಹಾಕಿದರೆ ಪೇಟೆ ಮುಟ್ಟುವಷ್ಟು ಕೆಲಸ ಆಗುತ್ತದೆ. ಕವಚದೊಳಗೆ ವೈರು ಸಲೀಸಾಗಿ ಸರಿದು, ಹಿಡಿಕೆ ಬಿಟ್ಟೊಡನೆ ಸ್ಲೈಡ್ ಟಪ್ಪೆಂದು ಕೂರಬೇಕು. ಕೂರದಿದ್ದರೆ ಆ ವೈರು ಬೇಡ. ಕಾರ್ಬೊರೇಟರಿನ ಮುಚ್ಚಳ ತೆಗೆದವರು ಸ್ಲೈಡನ್ನು ತಿರುವುಮುರುವಾಗಿ ಹಾಕದಂತೆ ನೋಡಿಕೊಳ್ಳಬೇಕು. ಹಾಗೆ ಹಾಕಿದರೆ ಸ್ಟಾರ್ಟ್ ಆದೊಡನೆ ರೇಸ್ ಏರಿ ಕೂತುಬಿಡುತ್ತದೆ.

ತಪ್ಪು ಕಲ್ಪನೆ: ಇನ್ನೊಂದು ಬೈಕಿಗೆ ಹಗ್ಗ ಕಟ್ಟಿ ಎಳೆಸುವುದೇ ಸುಲಭ.

ವಾಸ್ತವ: ಹ್ಯಾಂಡಲಿಗೆ ಕಟ್ಟಿದ ಹಗ್ಗ ತಿರುವಿನಲ್ಲಿ ಹ್ಯಾಂಡಲನ್ನೇ ಸೆಳೆದು ಬೀಳಿಸುತ್ತದೆ. ಫುಟ್‌ರೆಸ್ಟಿಗೆ ಕಾಲು ಕೊಟ್ಟು ತಳ್ಳುವುದೂ ಘಟ್ಟದಲ್ಲಿ ಇಬ್ಬರಿಗೂ ಅಪಾಯ. ಅಡಿಕೆ ಚೀಲ ಒಯ್ಯುವ ಪಿಕಪ್‌ಗಳು ಶಿರಸಿ ಕಡೆಗೆ ದಿನವಿಡೀ ಓಡಾಡುತ್ತವೆ. ಕೈ ಮಾಡಿದರೆ ನಿಲ್ಲಿಸುವ ಚಾಲಕರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಬೈಕನ್ನು ಹತ್ತಿಸಿ, ಸ್ಟ್ಯಾಂಡಿನ ಮೇಲಲ್ಲದೆ ಗಾಲಿಗಳ ಮೇಲೇ ನಿಲ್ಲಿಸಿ, ಎರಡೂ ಬದಿಗೆ ಹಗ್ಗ ಬಿಗಿದರೆ ಸಾಕು.

ತಪ್ಪು ಕಲ್ಪನೆ: ಎಲ್ಲ ಕೇಬಲ್ಲೂ ಒಂದೇ, ಹೊಸದು ಹಾಕಿದರೆ ಮತ್ತೆ ನೋಡುವುದೇ ಬೇಡ.

ವಾಸ್ತವ: ಬೆರಳಗಲ ಗಿಡ್ಡವಾದ ಕೇಬಲ್ ಹ್ಯಾಂಡಲ್ ತಿರುಗಿದಾಗ ಎಳೆದುಕೊಂಡು ರೇಸ್ ಏರಿಸುತ್ತದೆ, ಉದ್ದವಾದದ್ದು ಬಾಗಿ ಎಲ್ಲೋ ಉಜ್ಜುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಕೇಬಲನ್ನು ಕೈಯಲ್ಲೇ ಹಿಡಿದು ಹೋಗಿ, ಪಕ್ಕದಲ್ಲಿಟ್ಟು ಅಳೆದು ತರಬೇಕು. ದೂರ ಓಡಾಡುವವರು ಮಾಡುವ ಒಂದು ಉಪಾಯ ನಮ್ಮ ಘಟ್ಟಕ್ಕೆ ಹೇಳಿ ಮಾಡಿಸಿದ್ದು: ಇನ್ನೊಂದು ಹೊಸ ಕೇಬಲ್ ತಂದು, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ, ಓಡುವ ಕೇಬಲಿನ ಜೊತೆಗೇ ಅದೇ ದಾರಿಯಲ್ಲಿ ಕಟ್ಟಿಡುವುದು. ತುಂಡಾದ ದಿನ ಟ್ಯಾಂಕ್ ಬಿಚ್ಚಬೇಕಿಲ್ಲ, ಎರಡು ತುದಿ ಬದಲಿಸಿದರೆ ಸಾಕು. ಒಂದು ಇಕ್ಕಳ, ಒಂದು ಸ್ಕ್ರೂಡ್ರೈವರ್, ಅಳತೆಯ ಸ್ಪ್ಯಾನರ್ ಸೀಟಿನಡಿ ಇರಲಿ.

ಹೊಸದು ಕೂರಿಸಿದ ಮೇಲೆ ಹಿಡಿಕೆಯ ಅಂಚಿನಲ್ಲಿ ಎರಡರಿಂದ ಆರು ಮಿಲಿಮೀಟರಿನಷ್ಟು ಸಡಿಲ ಇರಬೇಕು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಐಡಲಿಂಗಿಗೆ ಬಿಟ್ಟು, ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡಿ. ಎಂಜಿನ್ ಸದ್ದು ಬದಲಾಗಬಾರದು. ಬದಲಾದರೆ ಕೇಬಲ್ ಹೋದ ದಾರಿ ತಪ್ಪಿದೆ, ಬಿಚ್ಚಿ ಮತ್ತೆ ಕೂರಿಸಬೇಕು.